ಸೊನ್ನೆಯ ಜಾಗದ ಚುಕ್ಕೆ

ಕಾಬೂಲಿನಿಂದ ಜೀವ ಉಳಿಸಿಕೊಂಡು ಬಂದ ಆ ಹುಡುಗಿ ವಡಾಲದ ಮುನ್ಸಿಪಾಲಿಟಿ ಶಾಲೆಯಲ್ಲಿ ನನ್ನ ಹತ್ತನೇ ತರಗತಿಗೆ ಸೇರಿದ್ದಳು. ಏನೇ ಕೇಳುವುದಿದ್ದರೂ ತೋರುಬೆರಳೆತ್ತಿ, “ಟೀಚರ್, ಏಕ್ ಮಿನಿಟ್” ಅನ್ನುವಳು. ಲೆಕ್ಕದಲ್ಲಿ ಬಲು ಚುರುಕು. ಗಡಿಬಿಡಿಯಾದರೆ ಮಾತ್ರ ಕೈ ತನ್ನೂರಿನ ಅಂಕಿಗಳಿಗೆ ಜಾರಿ, ಸೊನ್ನೆಯ ಜಾಗದಲ್ಲಿ ಬರೀ ಚುಕ್ಕೆ ಇಡುತ್ತಿತ್ತು.

“ಬಿಂದು ನಹೀಂ, ಗೋಲ್!” ಚುಕ್ಕೆ ಬೇಡ, ದುಂಡಗೆ ಸೊನ್ನೆ ಬರೆ ಎಂದು ವರ್ಷವಿಡೀ ಗದರಿದೆ. ಬೋರ್ಡ್ ಪರೀಕ್ಷೆಯ ಉತ್ತರಪತ್ರಿಕೆ ನೋಡುವವರಿಗೆ ಅವಳ ಊರು ಗೊತ್ತಿರುವುದಿಲ್ಲವಲ್ಲ.

ಗಣಿತದ ಪರೀಕ್ಷೆಯ ದಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕಾದಿದ್ದೆ. ಓಡುತ್ತ ಬಂದಳು.

“ಟೀಚರ್, ಕೊನೆಗೆ ಸಬ್ ಚೆಕ್ ಕಿಯಾ. ಏಕ್ ಭೀ ಬಿಂದು ನಹೀಂ, ಸಬ್ ಗೋಲ್!”

ನಗಲು ಹೊರಟ ನನಗೆ ದಶಾಂಶದ ಲೆಕ್ಕಗಳಲ್ಲಿನ ಚುಕ್ಕೆಗಳು ನೆನಪಾದವು. “ಪಾಯಿಂಟ್ ಭೀ? ಅದೂ ಗೋಲ್?” ಎಂದೆ.

ಅವಳ ತೋರುಬೆರಳು ತಾನಾಗಿ ಮೇಲೆದ್ದಿತು. “ಟೀಚರ್, ಏಕ್ ಮಿನಿಟ್” ಎನ್ನುತ್ತ ಹಿಂದಕ್ಕೆ ತಿರುಗಿದಳು. ವಾಚ್‌ಮನ್ ಗೇಟು ಮುಚ್ಚುತ್ತಿದ್ದ.