ಕವಚದ ಕುದುರೆ

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ವಿಡಿಯೋ ಗೇಮ್‌ಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಒಮ್ಮೆ, ಮೈತುಂಬ ಉಕ್ಕಿನ ಕವಚ ತೊಟ್ಟ ಯುರೋಪಿನ ಯೋಧನೊಬ್ಬ ದೈತ್ಯ ಯುದ್ಧಕುದುರೆಯ ಮೇಲೆ ಕೂತ ಚಿತ್ರ ಬೇಕೆಂದರು. ಫೋಟೋದಷ್ಟು ನಿಜವಾಗಿ ಕಾಣಬೇಕಿತ್ತು. ಕವಚದ ಒಂದೊಂದು ಮೊಳೆಯನ್ನೂ ಬಿಡದೆ ಬರೆದೆ. ನಾಲ್ಕು ಸಲ ವಾಪಸ್ ಬಂತು.

"ಕುದುರೆ ತೇಲ್ತಾ ಇದೆ ಕಣೇ," ಎಂದಳು ನಮ್ಮ ಟೀಮ್ ಲೀಡ್. "ಅಷ್ಟು ಕಬ್ಬಿಣ ಹೊತ್ತಿರೋ ಪ್ರಾಣಿ ಥರ ಇಲ್ಲ. ನಿಜವಾದ ಕುದುರೇನ ಹತ್ತಿರದಿಂದ ನೋಡಿದೀಯಾ?"

ನೋಡಿರಲಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವರೊಬ್ಬರನ್ನು ಹುಡುಕಿಕೊಂಡು ಆ ಭಾನುವಾರ ಅತ್ತಿಬೆಲೆಗೆ ಹೋದೆ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವರಲ್ಲಿದ್ದದ್ದು ಒಂದೇ ಒಂದು ಬಿಳಿ ಹೆಣ್ಣು ಕುದುರೆ. "ಕೂತ್ಕಂಡು ಬರ್ಕಳಿ ಮೇಡಂ. ಇಂದ್ಗಡೆ ಮಾತ್ರ ಓಗ್ಬೇಡಿ," ಎಂದು ಸ್ಟೂಲು ಹಾಕಿಕೊಟ್ಟರು.

ಎರಡು ಭಾನುವಾರ ಬರೆದೆ. ಮೂರನೆಯ ಸಲ ಹೋದಾಗ ಅವರು ಕುದುರೆಯನ್ನು ಅಂಗಳದಲ್ಲಿ ಸುತ್ತಿಸುತ್ತಿದ್ದರು. ಅದರ ಮೈಯೆಲ್ಲ ಬೆವರು. ತನ್ನ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡಿಕೊಳ್ಳುತ್ತಿತ್ತು.

"ಮದ್ವೆ ಮನೇಲಿ ಯಾರೋ ಅನ್ನ, ಲಾಡು ಎಲ್ಲ ತಿನ್ಸ್‌ಬುಟ್ಟವ್ರೆ. ಒಟ್ಟೆ ಕಟ್ಕಂಡದೆ. ಮಲಗಿದ್ರೆ ಓಯ್ತು ಅಷ್ಟೆ. ಡಾಕ್ಟ್ರು ಬರ್ತಾವ್ರೆ, ಆ ಕಡೆಯಿಂದ ಇಡ್ಕಳಿ!"

ಹಿಡಿದುಕೊಂಡೆ. ಎಷ್ಟೋ ಹೊತ್ತು ನಡೆಸಿದೆವು. ಒಂದು ಸುತ್ತಿನಲ್ಲಿ ಅದರ ಮುಂಗಾಲು ಕುಸಿದು, ಇಡೀ ದೇಹ ನನ್ನ ಮೇಲೆ ವಾಲಿತು. ಗೋಡೆಗೂ ಅದರ ಭುಜಕ್ಕೂ ನಡುವೆ ಸಿಕ್ಕಿ ನನಗೆ ಉಸಿರೇ ನಿಂತಿತು. ಆಗ ನನ್ನ ತಲೆಯಲ್ಲಿ ಬಂದ ಯೋಚನೆ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ: ಭಾರ ಅಂದರೆ ಇದು, ಭುಜ ಇಳಿಯುವುದು ಹೀಗೆ.

ಅವರು ಹಗ್ಗ ಜಗ್ಗಿ ಅದನ್ನು ಎಬ್ಬಿಸಿದರು, ಮತ್ತೆ ನಡೆಸಿದೆವು. ಮಧ್ಯಾಹ್ನದ ಹೊತ್ತಿಗೆ ಅದು ಬಿದ್ದುಬಿಟ್ಟಿತು. ಆನೇಕಲ್ಲಿನಿಂದ ಬಂದ ಡಾಕ್ಟರು ಪರೀಕ್ಷೆ ಮಾಡಿ, "ಕರುಳು ತಿರುಚ್ಕೊಂಡಿದೆ. ಇನ್ನು ನರಳಿಸೋದು ಬೇಡ," ಎಂದು ಇಂಜೆಕ್ಷನ್ ಕೊಟ್ಟರು. ಕುದುರೆಯ ಯಜಮಾನರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿ ಸವರುತ್ತಲೇ ಇದ್ದರು, ಉಸಿರು ನಿಂತ ಮೇಲೂ. ನಾನು ಚೀಲದಿಂದ ಚಿತ್ರದ ಪುಸ್ತಕ ಹೊರತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ, ಎಲ್ಲ ನೆನಪಿನಲ್ಲಿ ಕೂತಿತ್ತು.

ಸೋಮವಾರ ಕುದುರೆಯನ್ನು ಮೊದಲಿನಿಂದ ಬರೆದೆ. ಒಂದೇ ಸಲಕ್ಕೆ ಒಪ್ಪಿಗೆಯಾಯಿತು.

"ಈಗ ನೋಡು, ನೆಲ ಅದುರೋ ಹಾಗಿದೆ! ಏನ್ ಮಾಡ್ದೆ?" ಎಂದಳು ಲೀಡ್.

"ಕುದುರೆ ನೋಡ್ಕೊಂಡ್ ಬಂದೆ," ಅಂದೆ.

ತಿಂಗಳಾದ ಮೇಲೆ, ಕವಚವಿಲ್ಲದ ಆ ಬಿಳಿ ಕುದುರೆಯದೇ ಒಂದು ಚಿತ್ರ ಬರೆದು, ಕಟ್ಟು ಹಾಕಿಸಿ ಅವರಿಗೆಂದು ಒಯ್ದೆ. ಶೆಡ್ಡಿಗೆ ಬೀಗ. ವಿಚಾರಿಸಿದಾಗ ಗೋದಾಮೊಂದರ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾರೆಂದು ತಿಳಿದು ಅಲ್ಲಿಗೇ ಹೋದೆ. ಚಿತ್ರವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕತ್ತು ಇಷ್ಟು ದಪ್ಪ ಇರ್ಲಿಲ್ಲ ಮೇಡಂ. ಕಾಲೂ ಅಷ್ಟೆ, ಸಣ್ಣ ಕಾಲು ಅವಳ್ದು."

ನೋಡಿದೆ. ನಿಜ. ನನ್ನ ಕೈ ಅದೇ ಯುದ್ಧಕುದುರೆಯನ್ನು ಬರೆದು, ಬಿಳಿ ಬಣ್ಣ ಬಳಿದಿತ್ತು.

"ಇನ್ನೊಂದ್ಸಲ ಬರ್ಕೊಂಡ್ ಬರ್ತೀನಿ," ಅಂದೆ.

"ಬುಡಿ ಮೇಡಂ," ಎನ್ನುತ್ತ ಎರಡೂ ಕೈಯಲ್ಲಿ ಜೋಪಾನವಾಗಿ ಅದನ್ನು ನನಗೆ ವಾಪಸ್ ಕೊಟ್ಟು, ಹಾರ್ನ್ ಹೊಡೆಯುತ್ತಿದ್ದ ಲಾರಿಗೆ ಗೇಟು ತೆಗೆಯಲು ಹೋದರು.