ನಾನು ಚೆಲ್ಲಿಸಿದ ಉಪ್ಪಿಟ್ಟು

ಬ್ರಹ್ಮಾವರದ ಕಲ್ಯಾಣಮಂಟಪದಲ್ಲಿ ಮೊನ್ನೆ ಬೆಳಗಿನ ತಿಂಡಿಗೆ ಮೆಕ್ಕೆಜೋಳದ ಉಪ್ಪಿಟ್ಟು ಮಾಡಿದ್ದರು. ಈಗ ಅದು ಆರೋಗ್ಯಕ್ಕೆ ಒಳ್ಳೆಯದಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಎದುರಿಗೆ ನನ್ನ ತಂಗಿ ಮತ್ತು ಅವಳ ಗಂಡ ಕೂತಿದ್ದರು. ಈ ಭಾವ ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ಮಗನಿಗೆ ಬಿಟ್ಟು, ಈಗ ಕುಂದಾಪುರದಲ್ಲಿ ಕೂತು ದೇಶದ ವಿದೇಶಾಂಗ ಖಾತೆ ನೋಡಿಕೊಳ್ಳುತ್ತಾರೆ. ಸಂಬಳವಿಲ್ಲ, ಪಾಪ.

"ಆಗ ಸ್ವಾತಂತ್ರ್ಯ ಸಿಕ್ಕ್ ಇಪ್ಪತ್ ವರ್ಷ ಆಯ್ಲಿಲ್ಲ, ಹೊರದೇಶದ್ ಧಾನ್ಯಕ್ಕ್ ಕೈ ಒಡ್ಡಿರ್. ಮರ್ಯಾದಿ ಬ್ಯಾಡ್ದಾ?" ಎನ್ನುತ್ತ ಭಾವ ಮೂರನೇ ಸಲ ಬಡಿಸಿಕೊಂಡರು.

ಇಂಥ ಮಂತ್ರಿಗಳು ನಮ್ಮ ಕಡೆ ಬಸ್ಸಿಗೆ ಹತ್ತು ಮಂದಿ ಸಿಗುತ್ತಾರೆ. ಆ ಕಾಲಕ್ಕೆ ನಮ್ಮದು ಆಗತಾನೆ ಕಣ್ಣು ಬಿಟ್ಟ ದೇಶ. ಗಡಿಯಲ್ಲಿ ಒಂದರ ಹಿಂದೊಂದು ಯುದ್ಧ. ಅತ್ತ ಒಂದು ದೊಡ್ಡ ಬಣ, ಇತ್ತ ಇನ್ನೊಂದು. ಯಾರ ಬಾಲವೂ ಆಗೆನೆಂದು ಹಟ ಹಿಡಿದರೆ ಬಂದರಿನಲ್ಲಿ ಅವರಲ್ಲೇ ಒಬ್ಬರು ಕಳಿಸಿದ ಧಾನ್ಯದ ಹಡಗು. ಇದನ್ನೆಲ್ಲ ಎರಡು ತುತ್ತಿನ ನಡುವೆ ಬಗೆಹರಿಸುವ ಮಹನೀಯರು ಸ್ವಂತ ಬೇಲಿಯ ತಕರಾರನ್ನು ಮಾತ್ರ ಮೂವತ್ತು ವರ್ಷದಿಂದ ಕೋರ್ಟಿನಲ್ಲಿಟ್ಟಿರುತ್ತಾರೆ. ನಗಬೇಡಿ. ನಾನು ಇದೇ ಭಾಷಣವನ್ನು ಏಳನೇ ತರಗತಿಯಲ್ಲೇ ಮಾಡಿ ಮುಗಿಸಿದವನು.

ಉಪ್ಪುಂದದ ಹತ್ತಿರದ ನಮ್ಮ ಶಾಲೆಗೂ ಮಧ್ಯಾಹ್ನದ ಉಪ್ಪಿಟ್ಟಿಗೆಂದು ಆ ಹಡಗಿನ ಮೆಕ್ಕೆಜೋಳದ ಹಳದಿ ನುಚ್ಚು ಬರುತ್ತಿತ್ತು. ಅದನ್ನು ಬೇಯಿಸುವ ಕೆಲಸ ನಮ್ಮ ಅಬ್ಬಿಯದು, ಎಂದರೆ ಅಮ್ಮನದು. ಅಪ್ಪ ಇರಲಿಲ್ಲ. ಮಕ್ಕಳು ತಿಂದು ಉಳಿದದ್ದನ್ನು ಅವಳು ಮನೆಗೆ ತರುತ್ತಿದ್ದಳು. ನನಗೂ ತಂಗಿಗೂ ಸಂಜೆ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ.

ಆ ವರ್ಷದ ಭಾಷಣ ಸ್ಪರ್ಧೆಗೆ ಹೊಸ ದೇಶದ ವಿದೇಶಾಂಗ ನೀತಿ ಎಂಬ ವಿಷಯ ಕೊಟ್ಟಿದ್ದರು. ಮಾಷ್ಟ್ರು ಬರೆದುಕೊಟ್ಟದ್ದು ಮುಗಿದರೂ, ಚಪ್ಪಾಳೆಯ ರುಚಿ ಹತ್ತಿ ನನ್ನ ನಾಲಗೆ ನಿಲ್ಲಲಿಲ್ಲ. "ಹಂಗಿನ ಉಪ್ಪಿಟ್ಟು ತಿಂದವನು ತಲೆಯೆತ್ತಿ ಮಾತಾಡಲಾರ! ಇವತ್ತೇ ಚೆಲ್ಲಿ!" ಎಂದು ಕೂಗಿದೆ. ಅದನ್ನೇ ತಿಂದು ತಲೆಯೆತ್ತಿ ಕೂಗುತ್ತಿದ್ದೇನೆಂಬುದು ಆ ಪಂಡಿತನಿಗೆ ಹೊಳೆಯಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಆ ಜುಟ್ಟು ನನ್ನದು.

ಮಧ್ಯಾಹ್ನ ಮಕ್ಕಳು ಕುಣಿಯುತ್ತ ಹೋಗಿ ಇಡೀ ಪಾತ್ರೆಯನ್ನು ತೆಂಗಿನ ಬುಡಕ್ಕೆ ಸುರಿದರು. ಅಬ್ಬಿ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಸಂಜೆ ಅವಳು ನನ್ನನ್ನು ಬೈಯಲೂ ಇಲ್ಲ.

"ನಿನ್ ಭಾಷ್ಣ ಲಾಯ್ಕ್ ಇದ್ದಿತ್ ಮಗಾ. ನಾಳೆ ಅಷ್ಟ್ ಮಕ್ಳಿಗ್ ಎಂತ ಬಡ್ಸುದ್? ಅದನ್ನೂ ಹೇಳ್" ಎಂದಳು.

ದೇಶದ ದೊಡ್ಡವರೂ ಆಗ ಇದೇ ಪ್ರಶ್ನೆ ಹಿಡಿದು ಕೂತಿದ್ದರೆಂದು ನನಗೆ ಗೊತ್ತಾಗುವಾಗ ತಲೆ ಅರ್ಧ ನರೆತಿತ್ತು.

ಮಕ್ಕಳಿಗೇ ಬೇಡವಾದ ಮೇಲೆ ಅಡುಗೆಯವಳು ಯಾಕೆ ಎಂದರು ಊರಿನ ಹಿರಿಯರು. ವಾರದೊಳಗೆ ಉಪ್ಪಿಟ್ಟು ನಿಂತಿತು, ಅಬ್ಬಿಯ ಕೆಲಸವೂ ಹೋಯಿತು. ಮತ್ತೆ ಬಹಳ ದಿನ ಮನೆಯಲ್ಲಿ ಸಂಜೆ ಬರೀ ಗಂಜಿತಿಳಿ. ಐದು ವರ್ಷದ ತಂಗಿ ಅತ್ತು ಅತ್ತು ಮಲಗುತ್ತಿದ್ದಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ನನ್ನ ಪ್ರಶಸ್ತಿಪತ್ರ. ಈಗ ನೆನೆದರೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇದನ್ನು ನಾನು ಯಾರಿಗೂ ಹೇಳಿದವನಲ್ಲ. ಮೊನ್ನೆ ಭಾವ ಇನ್ನೊಮ್ಮೆ ಮರ್ಯಾದೆಯ ಮಾತೆತ್ತಿದಾಗ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

"ಮರ್ಯಾದಿ ಉಳ್ಸಿದ್ ನಾನ್, ಭಾವ. ಉಪಾಸ ಬಿದ್ದದ್ ನಿಮ್ ಹೆಂಡ್ತಿ" ಎಂದೆ.

ಭಾವನ ಕೈ ತಟ್ಟೆಯಲ್ಲೇ ನಿಂತಿತು. ತಂಗಿ ಮಾತ್ರ ತಿನ್ನುವುದನ್ನು ನಿಲ್ಲಿಸಲಿಲ್ಲ.

"ನಂಗ್ ಗೊತ್ತಿತ್ತ್ ಅಣ್ಣಯ್ಯ" ಎಂದಳು. "ಸಾಯುಕ್ ಮುಂಚೆ ಅಬ್ಬಿ ಹೇಳಿತ್. ಅಣ್ಣಂಗ್ ಮರ್ಯಾದಿ ಜಾಸ್ತಿ, ಅವ್ನತ್ರ ಈ ಮಾತ್ ಎತ್ತುದ್ ಬ್ಯಾಡ ಅಂದಿತ್."