ಗೆರೆ ಸಂಡೂರಿಗೆ, ಚಕ್ರ ಹೊಸಪೇಟೆಗೆ

ಸಂಡೂರಿನ ಗುಡ್ಡದ ಮೇಲೆ ಅದಿರು ತೆಗೆಯುವ ಕಂಪನಿಯೊಂದರಲ್ಲಿ ನಾನು ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ನಮ್ಮೂರು ಬುಕ್ಕಸಾಗರ. ವರ್ಷಕ್ಕೆ ಎರಡು ಬೆಳೆ ಭತ್ತ ಬರತೊಡಗಿದ ಮೇಲೆ ಊರವರು ಮೋಟಾರ್‌ಸೈಕಲ್ ಕೊಂಡರು, ಅಪ್ಪ ನನ್ನನ್ನು ಡಿಪ್ಲೊಮಾ ಓದಲು ಕಳಿಸಿದ. ಇಡೀ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಏನು ಕೆಲಸ ಹಚ್ಚಬೇಕೆಂದು ತಿಳಿಯದೆ, ಆಸಿಲೋಸ್ಕೋಪನ್ನು ದಿನಾ ಒರೆಸುವ ಜವಾಬ್ದಾರಿ ನನಗೆ ಕೊಟ್ಟರು.

ತಂತಿಯೊಳಗಿನ ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ಬರೆದು ತೋರಿಸುವ ಯಂತ್ರ ಅದು. ನಮ್ಮದು ಪರದೇಶದ ಹಳೆ ಮಾಲು, ಎತ್ತಲು ಇಬ್ಬರು ಬೇಕು. ಮೇಲೆ ಪರದೆ, ಕೆಳಗೆ ಸಾಲಾಗಿ ನಾಲ್ಕು ಖಾಲಿ ಖಾನೆ. ಖಾನೆಗೆ ತುರುಕುವ ಡಬ್ಬಿಗಳನ್ನು ಬೇರೆಯಾಗಿ ಕೊಳ್ಳಬೇಕು. ಎಡಗಡೆ ಕೂರುವ ಆಂಪ್ಲಿಫೈಯರ್ ಡಬ್ಬಿ ಬಂದ ಸಿಗ್ನಲ್ಲನ್ನು ಮೇಲೆ ಕೆಳಗೆ ಕುಣಿಸುತ್ತದೆ. ಬಲಗಡೆಯ ಟೈಮ್‌ಬೇಸ್ ಡಬ್ಬಿ ಬೆಳಕಿನ ಚುಕ್ಕೆಯನ್ನು ಎಡದಿಂದ ಬಲಕ್ಕೆ ಓಡಿಸುತ್ತದೆ. ಎರಡೂ ಕೂಡಿದರೆ ಮಾತ್ರ ಅಲೆ.

ನಮ್ಮ ಖರೀದಿ ಕಮಿಟಿ ಕೊಂಡದ್ದು ಎರಡೇ ಡಬ್ಬಿ, ಎರಡೂ ಟೈಮ್‌ಬೇಸ್. ಯಾಕೆ ಹೀಗೆ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು.

"ಒಂದಾ ನಮೂನಿ ಎರಡು ಇದ್ರ, ಒಂದು ಕೆಟ್ರೂ ಇನ್ನೊಂದು ಇರ್ತೈತಿ" ಅಂದರು. "ಇದಕ್ಕ ದೂರದೃಷ್ಟಿ ಅಂತಾರವ್ವಾ."

ಹಾಗಾಗಿ ನಮ್ಮ ಪರದೆಯ ಮೇಲೆ ಒಂದು ಅಡ್ಡಗೆರೆ ಮಾತ್ರ ಬರುತ್ತಿತ್ತು. ಒಂದು ಡಬ್ಬಿಯನ್ನು ಕಿತ್ತು ಎಡದ ಖಾನೆಗೆ ಹಾಕಿ ಬಲಗಡೆ ಖಾಲಿ ಬಿಟ್ಟರೆ ಗೆರೆ ಎದ್ದು ನಿಲ್ಲುತ್ತಿತ್ತು. ಎರಡೂ ಕಡೆ ಒಂದೊಂದು ಹಾಕಿದರೆ ಓರೆಯಾಗುತ್ತಿತ್ತು. ಹೆಡ್ ಆಫೀಸಿನಿಂದ ಯಾರೇ ಬರಲಿ, ಸಾಹೇಬರು ಕಿಟಕಿ ಮುಚ್ಚಿಸಿ ಗೆರೆ ಮಲಗುವುದು, ಏಳುವುದು, ವಾಲುವುದು ಮೂರನ್ನೂ ತೋರಿಸುತ್ತಿದ್ದರು. ಬಂದವರು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಕಂಪನಿ ಭಾಳ ಮುಂದುವರಿದಿದೆ ಎಂದು ಹೇಳಿ ಜೀಪು ಹತ್ತುತ್ತಿದ್ದರು.

ಆಗ ಅದಿರು ಸಾಗಿಸುವ ಕನ್ವೇಯರ್ ಬೆಲ್ಟು ಬಿಕ್ಕಳಿಸಲು ಶುರುಮಾಡಿತು. ಚೆನ್ನಾಗಿ ಓಡುತ್ತಿದ್ದದ್ದು ಝಗ್ಗನೆ ಜಗ್ಗಿ ನಿಲ್ಲುವುದು, ಮತ್ತೆ ಓಡುವುದು. ಕೆಳಗೆ ಲಾರಿಗಳು ಸಾಲುಗಟ್ಟಿ ನಿಂತವು. ಗೇರ್‌ಬಾಕ್ಸ್ ಬದಲಾಯಿತು, ಬೆಲ್ಟು ಬದಲಾಯಿತು, ತೆಂಗಿನಕಾಯಿಯೂ ಒಡೆದರು. ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳಲ್ಲೇ ಎಲ್ಲೋ ಒಂದು ಮಿಡಿತ ತಪ್ಪುತ್ತಿದೆ ಎಂದು ನನಗೆ ಅನುಮಾನ. ಅದನ್ನು ನೋಡಬೇಕೆಂದರೆ ಆಸಿಲೋಸ್ಕೋಪ್ ಬೇಕು. ಆಸಿಲೋಸ್ಕೋಪ್ ಏನೋ ಇತ್ತು, ಆದರೆ ಅದಕ್ಕೆ ಕಣ್ಣಿರಲಿಲ್ಲ.

ನನ್ನ ಕ್ಲಾಸ್‌ಮೇಟ್ ಗೆಳತಿಯೊಬ್ಬಳು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವಳ ಮುಂದೆ ಗೋಳು ಹೇಳಿಕೊಂಡೆ. ಅವಳು ನಕ್ಕು ನಕ್ಕು ತಿನ್ನುತ್ತಿದ್ದ ಮಿರ್ಚಿ ಭಜಿ ಗಂಟಲಿಗೆ ಸಿಕ್ಕಿಸಿಕೊಂಡಳು.

"ಲೇ, ನಮ್ಮಲ್ಲೂ ಅದಾ ಯಂತ್ರ, ಅದಾ ಏಜೆಂಟ್ ಕೊಟ್ಟಿದ್ದು. ನಮ್ಮಾವ್ರು ಎರಡೂ ಆಂಪ್ಲಿಫೈಯರ್ ತಗೊಂಡಾರ!"

ಅವರ ಪರದೆಯ ಮೇಲೆ ಚುಕ್ಕೆಯನ್ನು ಓಡಿಸುವವರೇ ಇಲ್ಲ. ಒಂದು ಆಂಪ್ಲಿಫೈಯರನ್ನು ಬಲದ ಖಾನೆಗೆ ಹಾಕಿ, ಎರಡಕ್ಕೂ ಸಿಗ್ನಲ್ ಕೊಟ್ಟು ಚಕ್ರ ತೋರಿಸುತ್ತಿದ್ದಳಂತೆ. ವರ್ಷ ವರ್ಷವೂ ಆ ಚಕ್ರವನ್ನೇ ನೋಡಿ ಪಾಸಾಗಿ ಹೋದ ಹುಡುಗರಿಗೆ ಕರೆಂಟು ದುಂಡಗಿರುತ್ತದೆ ಎಂಬ ಬಗ್ಗೆ ಯಾವ ಸಂಶಯವೂ ಉಳಿದಿರಲಿಲ್ಲ.

ಒಂದು ಡಬ್ಬಿ ಕೊಟ್ಟು ಒಂದು ತಗೊಂಡರೆ ಎರಡೂ ಯಂತ್ರ ಪೂರ್ತಿಯಾಗುತ್ತಿದ್ದವು. ಇಷ್ಟು ಸುಲಭದ್ದನ್ನು ಸಾಹೇಬರಿಗೆ ಹೇಳಿ ಕೆಟ್ಟೆ.

"ಕಾಲೇಜಿನಾವ್ರು ಬಂದು ಕೇಳ್ಲಿ" ಅಂದರು ಅವರು.

"ಕಂಪನಿಯವ್ರು ಬಂದು ಕೇಳ್ಲಿ" ಅಂದರಂತೆ ಅಲ್ಲಿಯ ಪ್ರಿನ್ಸಿಪಾಲರು.

ಯಾರು ಯಾರ ಹೊಸ್ತಿಲು ತುಳಿಯಬೇಕು ಎಂಬುದರಲ್ಲೇ ದಿನಗಳು ಹೋದವು. ಕೊನೆಗೆ ಎರಡೂ ಕಡೆಗೆ ಮಾನ ಹೋಗದ ಜಾಗವೆಂದು ಹಂಪಿಯ ಒಂದು ಗೆಸ್ಟ್ ಹೌಸ್ ನಿಗದಿಯಾಯಿತು. ನಮ್ಮ ಜೀಪಿನಲ್ಲಿ ಯಂತ್ರ, ಅವರ ಕಾರಿನಲ್ಲಿ ಡಬ್ಬಿ. ಮೊದಲು ಹಾರ, ಆಮೇಲೆ ಭಾಷಣ, ಆಮೇಲೆ ಬಾಳೆ ಎಲೆ ಊಟ. ಎಲೆ ಎತ್ತಿದ ಮೇಜನ್ನೇ ಒರೆಸಿ ಯಂತ್ರವಿಟ್ಟೆವು.

ಗೆಳತಿ ಅವರ ಆಂಪ್ಲಿಫೈಯರನ್ನು ಎಡಕ್ಕೆ ತುರುಕಿದಳು, ನಾನು ನಮ್ಮ ಟೈಮ್‌ಬೇಸನ್ನು ಬಲಕ್ಕೆ. ಗೋಡೆಯ ಪ್ಲಗ್ಗಿಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಹಚ್ಚಿ ಅದರ ತುದಿಗೆ ಯಂತ್ರದಿಂದ ಹೊರಟ ತಂತಿಯ ಮೊನೆಯನ್ನು, ಅಂದರೆ ಪ್ರೋಬನ್ನು, ಮುಟ್ಟಿಸಿದೆ. ಪರದೆಯ ಮೇಲೆ ಅಲೆ ಬಂತು, ಆದರೆ ನಿಲ್ಲದೆ ಓಡುತ್ತಿತ್ತು. ಚುಕ್ಕೆ ಯಾವಾಗ ಹೊರಡಬೇಕೆಂದು ಬಲದ ಡಬ್ಬಿಗೆ ಎಡದ ಡಬ್ಬಿ ಒಳಗಿನಿಂದಲೇ ಸುದ್ದಿ ಮುಟ್ಟಿಸಬೇಕು. ಅದಕ್ಕೊಂದು ಗುಂಡಿ ಇದೆ. ಗೆಳತಿ ಅದನ್ನು ಎಡಕ್ಕೆ ತಿರುಗಿಸಿದಳು. ಅಲೆ ತಟ್ಟನೆ ನಿಂತಿತು. ಹಸಿರಾಗಿ, ನುಣ್ಣಗೆ, ಏರಿ ಇಳಿದು ಏರಿ. ಪುಸ್ತಕದಲ್ಲಿ ಎಷ್ಟೋ ಸಲ ಬರೆದದ್ದನ್ನು ನಾವಿಬ್ಬರೂ ಅಂದೇ ಮೊದಲು ಕಣ್ಣಾರೆ ಕಂಡದ್ದು.

"ನೋಡ್ರಿ, ನಮ್ಮ ಡಬ್ಬಿ ಇಲ್ದಿದ್ರ ಇದು ಬರ್ತಿರ್ಲಿಲ್ಲ" ಅಂದರು ಸಾಹೇಬರು.

"ನಮ್ಮ ಡಬ್ಬಿ ಇಲ್ದಿದ್ರ ನಿಮ್ದು ಇನ್ನೂ ಮಲಕ್ಕೊಂಡಾ ಇರ್ತಿತ್ತು" ಅಂದರು ಪ್ರಿನ್ಸಿಪಾಲರು.

ಎಲೆ ಎತ್ತಿದ್ದ ಗೆಸ್ಟ್ ಹೌಸಿನ ಅಡುಗೆಯವನು ಬಾಗಿಲಲ್ಲೇ ನಿಂತು, "ಕರೆಂಟ್ ಮಾತ್ರ ನಮ್ದರಿ" ಅಂದ.

ಅವನ ಕಡೆ ಯಾರೂ ನೋಡಲಿಲ್ಲ. ಮಾತಿಗೆ ಮಾತು ಬೆಳೆದು, ಇಬ್ಬರೂ ತಮ್ಮ ತಮ್ಮ ಡಬ್ಬಿ ಕೀಳಿಸಿಕೊಂಡು ಹೊರಟರು. ಅಲೆ ಹಂಪಿಯಲ್ಲೇ ಉಳಿಯಿತು. ಬೆಲ್ಟು ಸಂಡೂರಿನಲ್ಲಿ ಬಿಕ್ಕಳಿಸುತ್ತಲೇ ಇತ್ತು.

ಮರುವಾರ ನಾನು ಇನ್ನೊಂದು ದಾರಿ ಹಿಡಿದೆ. "ಸಾಹೇಬ್ರ, ಒಂದು ಡಬ್ಬಿ ಸರ್ವಿಸಿಂಗ್‌ಗೆ ಒಯ್ಯಲೇನ್ರಿ?"

"ಒಯ್ಯಿ, ಒಯ್ಯಿ. ಧೂಳು ಭಾಳ ಐತಿ" ಅಂದರು, ತಲೆ ಎತ್ತದೆ. ಎಕ್ಸ್‌ಚೇಂಜ್ ಅಂದಿದ್ದರೆ ಮೂರು ಮೀಟಿಂಗ್ ಆಗುತ್ತಿದ್ದವು. ಗೆಳತಿಯೂ ಪ್ರಿನ್ಸಿಪಾಲರ ಹತ್ತಿರ ಇದೇ ಮಂತ್ರ ಹಾಕಿದಳು.

ಭಾನುವಾರ ಅವಳು ಬುಕ್ಕಸಾಗರಕ್ಕೆ ಊಟಕ್ಕೆ ಬಂದಳು. ಅವಳ ಕೈಚೀಲದಲ್ಲಿ ಅವರ ಡಬ್ಬಿ, ನಮ್ಮನೆ ಭತ್ತದ ಚೀಲಗಳ ಮೇಲೆ ನಮ್ಮ ಡಬ್ಬಿ. ಅವ್ವ ಎರಡನ್ನೂ ತಿರುಗಿಸಿ ನೋಡಿದಳು.

"ಹಾಡು ಬರ್ತಾವೇನ ಇದರಾಗ?"

"ಇಲ್ಲವ್ವ."

"ಮತ್ತ ಇಷ್ಟು ದೂರ ಯಾಕ ಹೊತ್ತು ತಂದ್ರಿ? ಬಿಡ್ರಿ, ಮೊದ್ಲು ಊಟಕ್ಕ ಕುಂದ್ರಿ."

ಊಟವಾದ ಮೇಲೆ ಅವಳು ನಮ್ಮದನ್ನು ಒಯ್ದಳು, ನಾನು ಅವರದನ್ನು. ಎರಡೂ ಕಡೆ ಡಬ್ಬಿಗಳು ಮೊದಲಿನಂತೆ ಎರಡೆರಡೇ ಇದ್ದುದರಿಂದ ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಸೋಮವಾರವೇ ಯಂತ್ರವನ್ನು ಬೆಲ್ಟಿನ ಕಂಟ್ರೋಲ್ ಕೋಣೆಗೆ ಹೊರಿಸಿದೆ. ಮಿಡಿತ ಹುಟ್ಟಿಸುವ ಕಾರ್ಡುಗಳಿಗೆ ಒಂದೊಂದಾಗಿ ಪ್ರೋಬ್ ಹಿಡಿದೆ. ಎಲ್ಲದರಲ್ಲೂ ಬೇಲಿ ಗೂಟದಂತೆ ಸಾಲಾಗಿ ಬರುವ ಮಿಡಿತ, ಒಂದರಲ್ಲಿ ಮಾತ್ರ ಆಗಾಗ ಗೂಟವೇ ಇಲ್ಲ. ಕಾರ್ಡು ಹೊರತೆಗೆದರೆ ಬೆಸುಗೆಯಲ್ಲೊಂದು ಕೂದಲೆಳೆಯ ಬಿರುಕು. ಮತ್ತೆ ಬೆಸೆದೆ. ಬೆಲ್ಟು ಓಡಿತು, ಓಡುತ್ತಲೇ ಇತ್ತು. ನಾನು ಆ ಸದ್ದು ಕೇಳುತ್ತಾ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ.

ಸಂಜೆ ಯಂತ್ರವನ್ನು ಲ್ಯಾಬಿಗೆ ವಾಪಸ್ ತರಿಸಿ ಟ್ರಾನ್ಸ್‌ಫಾರ್ಮರಿಗೆ ಪ್ರೋಬ್ ಹಚ್ಚಿದ್ದೆ. ಸಾಹೇಬರು ಬಂದಾಗ ಪರದೆಯ ಮೇಲೆ ಅಲೆ ನಿಂತಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಗಾಬರಿಯಾದರು.

"ಅಯ್ಯ, ಇದೇನಿದು ಡೊಂಕಾಗೈತಿ? ನಾಳೆ ಹೆಡ್ ಆಫೀಸಿನಾವ್ರು ಬರ್ತಾರ! ಸರ್ವಿಸಿಂಗ್‌ನಾಗ ಕೆಡಿಸಿಕೊಂಡು ಬಂದಿಯೇನು?"

ನಾನು ಪ್ರೋಬ್ ಕಿತ್ತೆ. ಗೆರೆ ಚಪ್ಪಟೆಯಾಗಿ ಮಲಗಿತು.

"ಹಾಂ, ಈಗ ಸರಿ ಆತು" ಎಂದು ನೆಮ್ಮದಿಯಿಂದ ಹೊರಟರು.

ಬೆಲ್ಟು ನಿಲ್ಲದಂತೆ ನೋಡಿಕೊಂಡದ್ದಕ್ಕೆ ಅವರಿಗೆ ಹೆಡ್ ಆಫೀಸಿಗೆ ಬಡ್ತಿ ಸಿಕ್ಕಿತು. ಅವರ ಬೀಳ್ಕೊಡುಗೆಯಲ್ಲಿ ನಾನು ನಿಜವಾಗಿಯೂ ಸಂತೋಷದಿಂದಲೇ ಚಪ್ಪಾಳೆ ತಟ್ಟಿದೆ. ಆಮೇಲೆ ಆ ಯಂತ್ರಕ್ಕೆ ಕೈ ಹಾಕುವವರು ಯಾರೂ ಬರಲಿಲ್ಲ. ತೊಂಬತ್ತರ ದಶಕದವರೆಗೂ ಅದು ನನ್ನದೇ ಆಗಿತ್ತು.

ಗೆಳತಿಯ ತರಗತಿಯಲ್ಲಿ ಮೊದಲ ಸಲ ಅಲೆ ಬಂದ ದಿನ ಹುಡುಗರು ಉಸಿರು ಬಿಗಿಹಿಡಿದು ನೋಡಿದರಂತೆ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದನಂತೆ: "ಮೇಡಂ, ಇದು ಪರೀಕ್ಷೆಗೆ ಬರ್ತೈತೇನ್ರಿ?"

ಬರಲ್ಲ ಅಂತ ಹೇಳಿದಳಂತೆ. ಆಮೇಲೆ ಎಲ್ಲರೂ ಆರಾಮಾಗಿ ಕೂತು ನೋಡಿದರಂತೆ.